ಸಹಾಯ ಬೇಕು: ಆರು ಪಿಜಿಗಳ ಮೆಡಿಸಿನ್ ವಿಭಾಗಕ್ಕೆ ಡ್ಯೂಟಿ ರೋಸ್ಟರ್

ಎಲ್ಲರಿಗೂ ನಮಸ್ಕಾರ. ಜನರಲ್ ಮೆಡಿಸಿನ್‌ನ ಆರು ಪಿಜಿಗಳಿಗೆ (ಸ್ನಾತಕೋತ್ತರ ಓದುತ್ತಿರುವ ರೆಸಿಡೆಂಟ್ ವೈದ್ಯರು) ಹೊಸ ರೋಸ್ಟರ್ ಮಾಡುತ್ತಿದ್ದೇವೆ. ನೈಟ್ ಮುಗಿಸಿದವರು ಬೆಳಿಗ್ಗೆ ಹೋಗಿ ಮಲಗಲೇಬೇಕು, ಇದರಲ್ಲಿ ರಾಜಿ ಇಲ್ಲ.

ಕೇಂದ್ರ ಆರೋಗ್ಯ ಸಚಿವಾಲಯದ 1992ರ ರೆಸಿಡೆನ್ಸಿ ಆದೇಶದ ಪ್ರಕಾರ ಸತತ ಡ್ಯೂಟಿ ಸಾಮಾನ್ಯವಾಗಿ 12 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದು. ಎನ್‌ಎಂಸಿಯ (ರಾಷ್ಟ್ರೀಯ ವೈದ್ಯಕೀಯ ಆಯೋಗ) 2023ರ ಪಿಜಿ ನಿಯಮದಲ್ಲಿ ಗಂಟೆಯ ಲೆಕ್ಕವೇ ಇಲ್ಲ, 'ಸಮಂಜಸ ಅವಧಿ' ಎಂದಷ್ಟೇ ಇದೆ. ಎಲ್ಲ ಎಳೆದಾಟವೂ ಆ ಪದದಿಂದಲೇ. 2024ರಲ್ಲಿ ಎನ್‌ಎಂಸಿಯ ಮಾನಸಿಕ ಆರೋಗ್ಯ ಕಾರ್ಯಪಡೆ ವಾರಕ್ಕೆ 74 ಗಂಟೆಯ ಮಿತಿ ಸೂಚಿಸಿತು.

ಲೆಕ್ಕ ನೋಡಿ. ಕ್ಯಾಶುವಾಲ್ಟಿಗೊಬ್ಬರು, ವಾರ್ಡಿಗೊಬ್ಬರು, ರಾತ್ರಿ 8ರಿಂದ ಬೆಳಿಗ್ಗೆ 8: ವಾರಕ್ಕೆ 168 ಗಂಟೆ. 48ರ ಮಿತಿಯಲ್ಲಿ ಆರು ಜನರಿಂದ ಸಿಗುವುದು 288. ಹಗಲಿಗೆ ಉಳಿಯುವ 120 ಗಂಟೆಯಲ್ಲಿ ದಿನಕ್ಕೆ 12 ಗಂಟೆಯಂತೆ ಇಬ್ಬರೂ ಪೂರ್ತಿ ಸಿಗುವುದಿಲ್ಲ. 74 ಆದರೆ ಮೂವರು ಸಿಗುತ್ತಾರೆ.

ಕೆಡುವುದು ಬೆಳಿಗ್ಗೆಯೇ. ರೌಂಡ್ಸ್ 9ಕ್ಕೆ, ರಾತ್ರಿಯ ಅಡ್ಮಿಷನ್‌ಗಳನ್ನು ನೈಟ್‌ನವರೇ ಹೇಳಬೇಕು, ಆಮೇಲೆ ಓಪಿಡಿ. 12 ಗಂಟೆಯ ಡ್ಯೂಟಿ ಮಿತಿ ಮೀರುವುದು ಹೀಗೆ. ಹೊಸ ರೋಗಿಗಳ ರೌಂಡ್ಸ್ ಅನ್ನು 7:30ಕ್ಕೇ ಮುಗಿಸಿದರೆ ಹೇಗೆ? ನಡೆಸಿದವರು ದಯವಿಟ್ಟು ಹೇಳಿ.

ಡ್ಯೂಟಿ ಬದಲಾಗುವಾಗ ರೋಗಿಗಳನ್ನು ಒಪ್ಪಿಸುವ ಹ್ಯಾಂಡೋವರ್‌ಗೆ ಒಂದು ಹಾಳೆ ಮಾಡಿದ್ದೇವೆ: 'ಬೆಡ್ 14, ಪೊಟ್ಯಾಷಿಯಂ ರಿಪೀಟ್ ರಾತ್ರಿ 10ಕ್ಕೆ, 6 ದಾಟಿದರೆ ತಕ್ಷಣ ಇಸಿಜಿ, ಸೀನಿಯರ್‌ಗೆ ಫೋನ್.' ಬಾಯಿಮಾತಿನಲ್ಲಿ ಹೇಳಿದರೆ ಬಿಟ್ಟುಹೋಗುವುದು ಇಂಥ ಬಾಕಿ ರಿಪೋರ್ಟೇ.

ಸತತ ನಾಲ್ಕು ನೈಟ್, ಆಮೇಲೆ ಎರಡು ದಿನ ರಜೆ, ಈ ಮಾದರಿಯ ಎಕ್ಸೆಲ್ ಇದ್ದವರು ಕಳಿಸಿ. ಪರೀಕ್ಷೆಯ ತಿಂಗಳಲ್ಲಿ ಫೈನಲ್ ಇಯರ್‌ನವರ ನೈಟ್ ಯಾರಿಗೆ ಹಂಚಿದಿರಿ ಎಂಬುದನ್ನೂ ಬರೆಯಿರಿ.