‘ಕಾಂಟ್ರಾಸ್ಟ್’ ಆದ ಮೇಲೆ ಫ್ರಮ್ಮೋ, ದ್ಯಾನೋ, ವಿತ್ತೋ?

ಸಪ್ತಾಪುರ ರೂಮ್‌ಮೇಟ್:
ಎಲ್ಲರಿಗೂ ನಮಸ್ಕಾರ ರೀ. ನನ್ನೂರು ಹಾವೇರಿ ಕಡೆ. ಈಗ ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುತ್ತಿದ್ದೇನೆ. ಡಿಗ್ರಿವರೆಗೂ ಕನ್ನಡ ಮಾಧ್ಯಮ, ಹಾಗಾಗಿ ಇಂಗ್ಲಿಷ್ ಪೇಪರ್ ಅಂದ್ರೆ ಹೊಟ್ಟೆಯಲ್ಲಿ ಸಂಕಟ. ನಿನ್ನೆ ಕ್ಲಾಸಿನಲ್ಲಿ ಹುಬ್ಬಳ್ಳಿ, ಧಾರವಾಡ ಎರಡರ ಮೇಲೆ ಒಂದು ಪ್ಯಾರಾ ಬರೆಯಲು ಹೇಳಿದರು. ‘ಕಾಂಟ್ರಾಸ್ಟ್’ ಪದವನ್ನು ಕ್ರಿಯಾಪದವಾಗಿಯೇ ಬಳಸಬೇಕು ಅಂತ ಷರತ್ತು ಬೇರೆ. ನಾನು ಬರೆದದ್ದು ಇದು:

“ಧಾರವಾಡ ಕಾಂಟ್ರಾಸ್ಟ್ಸ್ ಫ್ರಮ್ ಹುಬ್ಬಳ್ಳಿ.”
“ದಿ ವೆದರ್ ಆಫ್ ಧಾರವಾಡ ಈಸ್ ಕಾಂಟ್ರಾಸ್ಟಿಂಗ್ ದ್ಯಾನ್ ಹುಬ್ಬಳ್ಳಿ.”
“ಮೈ ಬ್ರದರ್ ಕಾಂಟ್ರಾಸ್ಟೆಡ್ ಮೈ ಒಪಿನಿಯನ್.”

ಮೂರಕ್ಕೂ ಕೆಂಪು ಗೆರೆ. ಅಷ್ಟರಲ್ಲಿ ಕ್ಲಾಸ್ ಮುಗಿಯಿತು, ಯಾಕೆ ತಪ್ಪು ಅಂತ ಕೇಳೋಕೆ ಆಗಲಿಲ್ಲ. ಯಾರಾದರೂ ಬಿಡಿಸಿ ಹೇಳ್ತೀರಾ?

ಬೆಟಗೇರಿ ಸೀರೆ:
ತಮ್ಮಾ, ನಾನು ಇಂಗ್ಲಿಷ್ ಪಂಡಿತೆ ಅಲ್ಲ. ಗದಗ-ಬೆಟಗೇರಿಯಲ್ಲಿ ಸೀರೆ ಅಂಗಡಿ ನಮ್ಮದು. ಆದರೆ ಈ ಪದವನ್ನು ನನ್ನಷ್ಟು ಸಲ ಯಾರೂ ಹೇಳಿರಲಿಕ್ಕಿಲ್ಲ, ಬಂದ ಗಿರಾಕಿಗೆಲ್ಲ “ಮ್ಯಾಚಿಂಗ್ ಬೇಕಾ, ಕಾಂಟ್ರಾಸ್ಟ್ ಬೇಕಾ?” ಅಂತ ಕೇಳೋದೇ ಕೆಲಸ. ಕರಿ ಇಳಕಲ್ ಸೀರೆ ಬಿಚ್ಚಿ ಹಾಸುತ್ತೇನೆ, ಅದರ ಸೆರಗು ಕೆಂಪು. ಬರೀ ಕೆಂಪು ಬಟ್ಟೆ ಕೈಯಲ್ಲಿ ಹಿಡಿದು ಇದು ಕಾಂಟ್ರಾಸ್ಟ್ ಅಂದ್ರೆ ಗಿರಾಕಿ ನಗ್ತಾರೆ. ಕರಿ ಒಡಲಿನ ಜೊತೆ ಇಟ್ಟಾಗಲೇ ಅದು ಎದ್ದು ಕಾಣೋದು. ಆ ‘ಜೊತೆ’ಯೇ ವಿತ್. “ದಿ ರೆಡ್ ಸೆರಗು ಕಾಂಟ್ರಾಸ್ಟ್ಸ್ ವಿತ್ ದಿ ಬ್ಲ್ಯಾಕ್ ಬಾಡಿ.” ದೂರ ಇಟ್ಟು ಫ್ರಮ್ ಅಂದ್ರೆ ಹೇಗೆ ಆಗುತ್ತದೆ? ಉಳಿದದ್ದನ್ನು ತಿಳಿದವರು ಹೇಳಲಿ.

ನಿವೃತ್ತ ಮಾಸ್ತರ:
ಅಕ್ಕಾರು ಅರ್ಧ ಪಾಠ ಮುಗಿಸಿಬಿಟ್ಟರು, ಇಷ್ಟು ಚೆನ್ನಾಗಿ ನಾನೂ ಕ್ಲಾಸಿನಲ್ಲಿ ಹೇಳಿರಲಿಲ್ಲ.

ತಮ್ಮಾ, ನಿನ್ನ ತಪ್ಪುಗಳು ಎಲ್ಲಿಂದ ಬಂದವು ನೋಡು. ಫ್ರಮ್ ಬಂದದ್ದು ‘ಡಿಫರ್’ನಿಂದ. “ಧಾರವಾಡ ಡಿಫರ್ಸ್ ಫ್ರಮ್ ಹುಬ್ಬಳ್ಳಿ” ಸರಿ. ಅದೇ ಅಂಗಿಯನ್ನು ಕಾಂಟ್ರಾಸ್ಟ್‌ಗೆ ತೊಡಿಸಿದ್ದೀಯ, ಅಳತೆ ಹೊಂದಲಿಲ್ಲ. ದ್ಯಾನ್ ಬಂದದ್ದು ನಮ್ಮ ಕನ್ನಡದಿಂದ. “ಹುಬ್ಬಳ್ಳಿಗಿಂತ ಬೇರೆ” ಅಂತೀವಿ ಅಲ್ವಾ, ಆ ‘ಗಿಂತ’ ತಲೆಯಲ್ಲಿ ಕೂತಿರುತ್ತದೆ, ಇಂಗ್ಲಿಷ್ ಬರೆಯುವಾಗ ತಾನಾಗಿಯೇ ದ್ಯಾನ್ ಆಗಿ ಇಳಿಯುತ್ತದೆ. ಆದರೆ ದ್ಯಾನ್ ಬರೋದು ಬೆಟರ್, ಹಾಟರ್, ಮೋರ್ ಇಂಥ ಪದಗಳ ಬೆನ್ನಿಗೆ.

ಇನ್ನು ‘ಈಸ್ ಕಾಂಟ್ರಾಸ್ಟಿಂಗ್’. ಇದು ನಮ್ಮ ಕಡೆ ಎಲ್ಲರಿಗೂ ಅಂಟಿದ ಚಟ. ಸೆರಗು ಈ ಹೊತ್ತು ಕೂತು ಏನೋ ಕೆಲಸ ಮಾಡುತ್ತಿಲ್ಲ, ಅದು ಇರುವುದೇ ಹಾಗೆ. ಇದ್ದ ಸ್ಥಿತಿ ಹೇಳುವಾಗ ಸುಮ್ನೆ ‘ಕಾಂಟ್ರಾಸ್ಟ್ಸ್’ ಸಾಕು.

ಎಲ್ಲಕ್ಕಿಂತ ದೊಡ್ಡ ತಪ್ಪನ್ನು ನೀನು ಗಮನಿಸಿರಲಿಕ್ಕಿಲ್ಲ. ಎರಡನೇ ವಾಕ್ಯದಲ್ಲಿ ತಕ್ಕಡಿಯ ಒಂದು ಪರಡಿಯಲ್ಲಿ ಧಾರವಾಡದ ಹವೆ ಇದೆ, ಇನ್ನೊಂದರಲ್ಲಿ ಇಡೀ ಹುಬ್ಬಳ್ಳಿ ಊರನ್ನೇ ಎತ್ತಿ ಇಟ್ಟಿದ್ದೀಯ. ಹವೆಯನ್ನು ಹವೆಯ ಜೊತೆಗೇ ತೂಗಬೇಕು. ಕನ್ನಡದಲ್ಲಿ “ಹುಬ್ಬಳ್ಳಿಯದು” ಅಂದರೆ ಮುಗಿಯಿತು, ಇಂಗ್ಲಿಷಿನಲ್ಲಿ ಅದಕ್ಕೆ ‘ದ್ಯಾಟ್ ಆಫ್’ ಬೇಕು: “ದಿ ವೆದರ್ ಆಫ್ ಧಾರವಾಡ ಕಾಂಟ್ರಾಸ್ಟ್ಸ್ ವಿತ್ ದ್ಯಾಟ್ ಆಫ್ ಹುಬ್ಬಳ್ಳಿ.” ಮೌಲ್ಯಮಾಪನದಲ್ಲಿ ವರ್ಷಗಟ್ಟಲೆ ಉತ್ತರ ಪತ್ರಿಕೆ ನೋಡಿದವನು ನಾನು, ವಿತ್ ಸರಿ ಬರೆದವರೂ ಇಲ್ಲಿ ಜಾರುತ್ತಾರೆ.

ಮೂರನೆಯದರಲ್ಲಿ ನಿಮ್ಮಣ್ಣ ನಿನ್ನ ಮಾತು ಒಪ್ಪಲಿಲ್ಲ ಅಂತ ತಾನೇ ಹೇಳಬೇಕಿತ್ತು? ಅದಕ್ಕೆ ‘ಅಪೋಸ್ಡ್’ ಇದೆ, ಇಲ್ಲವೇ ‘ಡಿಸಗ್ರೀಡ್ ವಿತ್’. ಮನುಷ್ಯ ಕರ್ತೃವಾದರೆ ಅವನು ಎರಡು ವಸ್ತುಗಳನ್ನು ಎದುರುಬದುರು ಇಟ್ಟು ವ್ಯತ್ಯಾಸ ತೋರಿಸುತ್ತಾನೆ: “ದಿ ರೈಟರ್ ಕಾಂಟ್ರಾಸ್ಟ್ಸ್ ವಿಲೇಜ್ ಲೈಫ್ ವಿತ್ ಸಿಟಿ ಲೈಫ್.” ಇಲ್ಲಿಯೂ ವಿತ್ತೇ.

ಕ್ಲಬ್ ರೋಡ್ ಕಾಕಾ:
ಇಷ್ಟೆಲ್ಲ ಯಾಕೆ ರೀ ಮಾಸ್ತರ? ‘ಡಿಫರೆಂಟ್ ಫ್ರಮ್’ ಅಂತ ಬರೆದು ಮುಂದೆ ಹೋಗಲಿ. ಹುಬ್ಬಳ್ಳಿಯಲ್ಲಿ ನಲವತ್ತು ವರ್ಷ ವ್ಯಾಪಾರ ಮಾಡಿದೆ, ಈ ಕ್ರಿಯಾಪದ ಇಲ್ಲದೆ ಒಂದು ರೂಪಾಯಿ ಲಾಸ್ ಆಗಿಲ್ಲ. ಅದೂ ಅಲ್ಲದೆ ‘ಇನ್ ಕಾಂಟ್ರಾಸ್ಟ್ ಟು’ ಅಂತ ಪೇಪರಿನಲ್ಲಿ ನಾನೇ ಓದಿದ್ದೇನೆ, ಅಲ್ಲಿ ನಿಮ್ಮ ವಿತ್ ಎಲ್ಲಿ ಹೋಯಿತು?

ನಿವೃತ್ತ ಮಾಸ್ತರ:
ಒಳ್ಳೆ ಪ್ರಶ್ನೆ ಕಾಕಾ. ಅಲ್ಲಿ ಅದು ನಾಮಪದ. ನಾಮಪದಕ್ಕೆ ಟು, ವಿತ್ ಎರಡೂ ನಡೆಯುತ್ತವೆ. ಹುಡುಗನಿಗೆ ಕೇಳಿದ್ದು ಕ್ರಿಯಾಪದ, ಅದಕ್ಕೆ ಪರೀಕ್ಷೆಯಲ್ಲಿ ವಿತ್ ಹಾಕಿದರೆ ಯಾರೂ ಗೆರೆ ಎಳೆಯೋದಿಲ್ಲ. ಹೇಳುವಾಗಲೂ ಎರಡಕ್ಕೂ ವ್ಯತ್ಯಾಸ ಇದೆ. ನಾಮಪದಕ್ಕೆ ‘ಕಾನ್’ ಮೇಲೆ ಒತ್ತು, ಕ್ರಿಯಾಪದಕ್ಕೆ ‘ಟ್ರಾಸ್ಟ್’ ಮೇಲೆ. ಅಕ್ಕಾರು ಅಂಗಡಿಯಲ್ಲಿ ಹೇಳೋದು ಮೊದಲನೇ ಥರ.

ಇನ್ನೊಂದು, ಎಲ್ಲ ವ್ಯತ್ಯಾಸವೂ ಕಾಂಟ್ರಾಸ್ಟ್ ಅಲ್ಲ. ಎರಡು ಪೇಢೆಯಲ್ಲಿ ಒಂದಕ್ಕೆ ಸಕ್ಕರೆ ಸ್ವಲ್ಪ ಜಾಸ್ತಿ ಬಿದ್ದರೆ ಅದು ಡಿಫರ್ ಅಷ್ಟೇ. ಕಣ್ಣಿಗೆ ಹೊಡೆಯುವಂಥ ವ್ಯತ್ಯಾಸ ಇದ್ದಾಗ ಈ ಪದ ತೆಗೆಯಬೇಕು, ಹಾಗಾಗಿಯೇ ಇಂಗ್ಲಿಷಿನವರು ‘ಶಾರ್ಪ್ಲಿ’ಯನ್ನು ಇದರ ಪಕ್ಕ ಕೂರಿಸುತ್ತಾರೆ.

ಸಪ್ತಾಪುರ ರೂಮ್‌ಮೇಟ್:
ಅಕ್ಕಾರ, ಸರ್, ಇಬ್ಬರಿಗೂ ದೊಡ್ಡ ನಮಸ್ಕಾರ. ಕಾಕಾ, ನಿಮಗೂ. ಈಗ ಹೊಸದಾಗಿ ಬರೆದಿದ್ದೇನೆ, ನೋಡಿ ಹೇಳಿ. ನಮ್ಮ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ನೆನಪಾಯಿತು. ಬಣ್ಣ ಕಡುಗೆಂಪು, ಅವ್ವ ಸಾರಿಗೆ ಹಾಕಿದರೆ ಬಟ್ಟಲೆಲ್ಲ ಕೆಂಪಾಗುತ್ತದೆ, ಖಾರ ಮಾತ್ರ ಅಷ್ಟಿಲ್ಲ.

“ದಿ ಡೀಪ್ ಕಲರ್ ಆಫ್ ಬ್ಯಾಡಗಿ ಚಿಲ್ಲಿ ಕಾಂಟ್ರಾಸ್ಟ್ಸ್ ವಿತ್ ಇಟ್ಸ್ ಮೈಲ್ಡ್ ಟೇಸ್ಟ್.”
“ದಿ ಕೂಲ್ ಈವ್ನಿಂಗ್ಸ್ ಆಫ್ ಧಾರವಾಡ ಕಾಂಟ್ರಾಸ್ಟ್ಸ್ ಶಾರ್ಪ್ಲಿ ವಿತ್ ದೋಸ್ ಆಫ್ ಹುಬ್ಬಳ್ಳಿ.”

‘ಈವ್ನಿಂಗ್ಸ್’ ಬಹುವಚನ ಅಂತ ‘ದ್ಯಾಟ್’ ಬಿಟ್ಟು ‘ದೋಸ್’ ಹಾಕಿದೆ, ಸರಿ ತಾನೇ?

ನಿವೃತ್ತ ಮಾಸ್ತರ:
ಮೊದಲನೆಯದು ಭೇಷ್, ಎರಡೂ ಒಂದೇ ಕಾಯಿಯ ಗುಣ, ತೂಕ ಸರಿ ಇದೆ. ಎರಡನೆಯದರಲ್ಲಿ ‘ದೋಸ್’ ಸರಿ. ಬಹುವಚನ ಅಂತ ಅಲ್ಲಿ ನೆನಪಾದದ್ದು ಕ್ರಿಯಾಪದದ ಹತ್ತಿರ ಮರೆತುಹೋಯಿತು ನೋಡು, ಆ ‘ಕಾಂಟ್ರಾಸ್ಟ್ಸ್’ನ ಕೊನೆಯ ಎಸ್ ತೆಗೆ.

ಕ್ಲಬ್ ರೋಡ್ ಕಾಕಾ:
ಎಲ್ಲ ಸರಿ, ಹುಬ್ಬಳ್ಳಿ ಸಂಜೆಗೆ ಏನಾಗಿದೆ ಅಂತ ಕೇಳೋಣ. ಧಾರವಾಡಕ್ಕೆ ಇಲ್ಲಿಂದ ಸುಮಾರು 20 ಕಿಲೋಮೀಟರ್, ಅಷ್ಟಕ್ಕೇ ‘ಶಾರ್ಪ್ಲಿ’ನಾ?