ಪ್ರಶ್ನೋತ್ತರ: ಪಂಚಾಯಿತಿ ತುಂಬಾ ಡೇಟಾ, ಅದನ್ನು ಓದುವವರು ಯಾರು?

ಪ್ರಶ್ನೆ (ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಕಲಬುರಗಿ ಜಿಲ್ಲೆ):
ಮೇಡಂ, ನಮಸ್ಕಾರ. ಪಂಚತಂತ್ರ, ಇ-ಸ್ವತ್ತು, ಇ-ಗ್ರಾಮ್ ಸ್ವರಾಜ್, ಮಿಷನ್ ಅಂತ್ಯೋದಯ ಸರ್ವೆ, ಹೀಗೆ ಸರ್ಕಾರದ ಎಲ್ಲ ಪೋರ್ಟಲ್, ಸರ್ವೆಗಳಿಗೂ ಮಾಹಿತಿ ತುಂಬುವವರು ನಾವೇ. ಆದರೆ ಕ್ರಿಯಾಯೋಜನೆಗೆ ಕೂತಾಗ ಒಂದೂ ಕೆಲಸಕ್ಕೆ ಬರುವುದಿಲ್ಲ. ಯಾವ ಸದಸ್ಯರ ದನಿ ಜೋರೋ ಅವರ ವಾರ್ಡಿಗೆ ಕಾಮಗಾರಿ. ಈಗ ಒಂದು ಏಜೆನ್ಸಿಯವರು ಮನೆಮನೆ ಸರ್ವೆ ಮಾಡಿ ಡ್ಯಾಶ್‌ಬೋರ್ಡ್ ಮಾಡಿಕೊಡ್ತೀವಿ ಅಂತಿದ್ದಾರೆ. ಕೊಡಬಹುದಾ?

ಉತ್ತರ (ನಿವೃತ್ತ ಸಾಂಖ್ಯಿಕ ಅಧಿಕಾರಿ):
ಸದ್ಯಕ್ಕೆ ಬೇಡ ಸರ್. ನೀವು ತುಂಬುತ್ತಿರುವುದೆಲ್ಲ ಮೇಲಿನವರು ಕೇಳಿದ ಮಾಹಿತಿ. ನಿಮಗೆ ಬೇಕಾದ ಪ್ರಶ್ನೆಯನ್ನು ಯಾರೂ ಕೇಳಿಲ್ಲ. ಹೊಸ ಸರ್ವೆ ಮಾಡಿಸಿದರೂ ಇದೇ ಕಥೆ.

ನೀರಿನಿಂದ ಶುರು ಮಾಡಿ. 2021-26ರ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟ ದುಡ್ಡು. ಅಷ್ಟು ದುಡ್ಡು ಯಾವ ಓಣಿಗೆ ಹೋಯಿತು, ಅಲ್ಲಿ ನೀರು ಬಂತಾ? ಇದಕ್ಕೆ ಉತ್ತರ ನಿಮ್ಮ ಕರೆಂಟ್ ಬಿಲ್ಲಿನಲ್ಲೇ ಅರ್ಧ ಇದೆ.

ಎಕ್ಸೆಲ್‌ನಲ್ಲಿ ಒಂದು ಹಾಳೆ ತೆಗೆಯಿರಿ. ಪ್ರತಿ ಬೋರ್‌ವೆಲ್‌ಗೆ ಒಂದು ಸಾಲು. ಆರ್.ಆರ್. ನಂಬರ್ (ಬಿಲ್ಲಿನಲ್ಲಿರುವ ಕರೆಂಟ್ ಸಂಪರ್ಕದ ಸಂಖ್ಯೆ), ಮೋಟಾರ್ ಎಷ್ಟು ಎಚ್‌ಪಿ, ಯಾವ ಓಣಿಗೆ ನೀರು, ತಿಂಗಳಿಗೆ ಎಷ್ಟು ಯೂನಿಟ್, ದಿನಕ್ಕೆ ಎಷ್ಟು ಗಂಟೆ ಓಡಿಸುತ್ತೇನೆ ಅಂತ ನೀರುಗಂಟಿ ಹೇಳಿದ ಲೆಕ್ಕ. ಇಷ್ಟೇ ಕಾಲಂ ಸಾಕು. 5 ಎಚ್‌ಪಿ ಮೋಟಾರ್ ಗಂಟೆಗೆ ಅಂದಾಜು 4 ಯೂನಿಟ್ ತಿನ್ನುತ್ತದೆ. ದಿನಕ್ಕೆ 6 ಗಂಟೆ ಅಂದರೆ ತಿಂಗಳಿಗೆ 700ರ ಆಸುಪಾಸು. ಬಿಲ್ಲಿನಲ್ಲಿ 1,500 ಇದ್ದರೆ ಮೀಟರ್ ನೋಡಿಸಿ, ಪೈಪ್ ಎಲ್ಲಿ ಸೋರುತ್ತಿದೆ ಹುಡುಕಿಸಿ, ನೀರುಗಂಟಿಯನ್ನೂ ಕೂರಿಸಿ ಮಾತಾಡಿಸಿ. ತಿಂಗಳುಗಟ್ಟಲೆ ಸೊನ್ನೆ ಯೂನಿಟ್ ಇದ್ದು ನಿಗದಿತ ಶುಲ್ಕ ಮಾತ್ರ ಬರುತ್ತಿದ್ದರೆ ಅದು ಬತ್ತಿದ ಬೋರ್‌ವೆಲ್ ಇರಬಹುದು. ಹೋಗಿ ನೋಡಿ, ಹೌದಾದರೆ ಸಂಪರ್ಕ ರದ್ದು ಮಾಡಿಸಿ. ಸುಮ್ನೆ ಯಾಕೆ ಕಟ್ಟಬೇಕು?

ಈ ಹಾಳೆಯನ್ನು ಸಭೆಯಲ್ಲಿ ಗೋಡೆಗೆ ಹಾಕಿ. ಜೋರು ದನಿಯವರೂ ಮೊದಲು ತಮ್ಮ ಓಣಿಯ ಸಾಲನ್ನೇ ಹುಡುಕುತ್ತಾರೆ. ಆಮೇಲೆ ಜಗಳ ಆದರೂ ಅಂಕಿ ಇಟ್ಟುಕೊಂಡು ಆಗುತ್ತದೆ.

ಗ್ರಾ.ಪಂ. ಸದಸ್ಯೆ:
ಅಕ್ಕಾ, ನಮ್ಮ ತಾಂಡಾ ಯಾವ ಪಟ್ಟಿಯಲ್ಲೂ ಇಲ್ಲ. ಎಲ್ಲಾ ದೊಡ್ಡ ಊರಿನ ಲೆಕ್ಕದಲ್ಲೇ ಸೇರಿಸಿಬಿಟ್ಟಿದ್ದಾರೆ.

ಉತ್ತರ:
ಇದು ನಿಮ್ಮೊಬ್ಬರ ಕಷ್ಟ ಅಲ್ಲಮ್ಮ. ಜನಗಣತಿ ಲೆಕ್ಕ ಹಿಡಿಯುವುದು ಕಂದಾಯ ಗ್ರಾಮವನ್ನು. ತಾಂಡಾ, ಹಟ್ಟಿ, ಹಾಡಿ ಅದರೊಳಗೆ ಕರಗಿ ಹೋಗುತ್ತವೆ. ಈಚೆಗೆ ಕಂದಾಯ ಗ್ರಾಮ ಆದ ತಾಂಡಾಗಳೂ 2011ರ ಪಟ್ಟಿಯಲ್ಲಿ ಸಿಗುವುದಿಲ್ಲ. ಪ್ರಾದೇಶಿಕ ಅಸಮತೋಲನ ಅಳೆದ ಡಾ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಅಂತ ತೋರಿಸಿತು. ದೊಡ್ಡ ಕೆಲಸವೇ. ಆದರೆ ತಾಲ್ಲೂಕಿನ ಸರಾಸರಿಯಲ್ಲಿ ನಿಮ್ಮ ತಾಂಡಾ ಕಾಣುತ್ತದಾ? ಊರಿನ ಸರಾಸರಿಯಲ್ಲೂ ಕಾಣುವುದಿಲ್ಲ. ಆದ್ದರಿಂದ ಪಂಚಾಯಿತಿಯ ಪ್ರತಿ ಹಾಳೆಯಲ್ಲೂ ‘ಜನವಸತಿ’ ಅಂತ ಒಂದು ಕಾಲಂ ಇರಲಿ, ಹೆಸರು ಎಲ್ಲ ಕಡೆ ಒಂದೇ ಥರ ಬರೆಯಿರಿ. ಒಂದು ಕಡೆ ‘ತಾಂಡ’, ಇನ್ನೊಂದು ಕಡೆ ‘ತಾಂಡಾ’ ಅಂತ ಇದ್ದರೆ ಕಂಪ್ಯೂಟರ್ ಅದನ್ನು ಎರಡು ಊರು ಅಂತ ಎಣಿಸುತ್ತದೆ.

ಪ್ರಶ್ನೆ (ಪಿಡಿಒ):
ಮಾಡುವವರು ಯಾರು ಮೇಡಂ? ಇರುವ ಒಬ್ಬ ಡೇಟಾ ಎಂಟ್ರಿ ಆಪರೇಟರ್‌ಗೆ ಉಸಿರಾಡಲೂ ಪುರುಸೊತ್ತಿಲ್ಲ.

ಉತ್ತರ:
ಆ ಹುಡುಗನ ತಲೆಗೆ ಇದನ್ನೂ ಕಟ್ಟಬೇಡಿ. ಕಾರ್ಯದರ್ಶಿಗೋ ಲೆಕ್ಕ ಸಹಾಯಕರಿಗೋ ವಾರಕ್ಕೆ ಅರ್ಧ ದಿನ ಬಿಟ್ಟುಕೊಡಿ. ಅವರಿಗೆ ಪಿವಟ್ ಟೇಬಲ್ (ಎಕ್ಸೆಲ್‌ನಲ್ಲಿ ಓಣಿವಾರು ಮೊತ್ತ ತೆಗೆಯುವ ವಿಧಾನ) ಬಂದರೆ ಸದ್ಯಕ್ಕೆ ಸಾಕು. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆಯ ತರಬೇತಿಗೆ ಹೋಗುವ ಅವಕಾಶ ಸಿಕ್ಕರೆ ನಿಮ್ಮ ಪಂಚಾಯಿತಿಯ ಫೈಲನ್ನೇ ಪೆನ್‌ಡ್ರೈವ್‌ನಲ್ಲಿ ಕೊಟ್ಟು ಕಳಿಸಿ. ಬೇರೆಯವರ ಉದಾಹರಣೆ ಮೇಲೆ ಕಲಿತದ್ದು ಊರಿಗೆ ಬರುವಷ್ಟರಲ್ಲಿ ಮರೆತುಹೋಗಿರುತ್ತದೆ.

ಇಷ್ಟಾದ ಮೇಲೂ ಏಜೆನ್ಸಿ ಬೇಕು ಅನಿಸಿದರೆ ಕರಾರಿನಲ್ಲಿ ಎರಡು ಮಾತು ಬರೆಸಿ. ಮೂಲ ಡೇಟಾ ಎಕ್ಸೆಲ್‌ನಲ್ಲಿ ಪಂಚಾಯಿತಿ ಕೈಗೆ ಬರಬೇಕು, ಬರೀ ಲಾಗಿನ್ ಕೊಟ್ಟರೆ ಆಗುವುದಿಲ್ಲ. ಇನ್ನೊಂದು, ಆಧಾರ್ ನಂಬರ್ ಸಂಗ್ರಹಿಸುವ ಹಾಗಿಲ್ಲ. ಹಾಳೆ ತಯಾರಾದರೆ ಇಲ್ಲಿ ಹಾಕಿ, ನೋಡಿ ಹೇಳ್ತೀನಿ. ಜನರ ಹೆಸರು, ಮೊಬೈಲ್ ಕಾಲಂ ಇದ್ದರೆ ತೆಗೆದುಹಾಕಿ.