ಡ್ರಿಪ್ ಲೆಕ್ಕ, ಡೋಸ್ ಲೆಕ್ಕ ತಲೆಗೆ ಹತ್ತುತ್ತಾ ಇಲ್ಲ, ಯಾರಾದ್ರೂ ಬಿಡಿಸಿ ಹೇಳ್ತೀರಾ?

ಮಳೆಹುಡುಗಿ_ನಾಪೋಕ್ಲು:
ಎಲ್ರಿಗೂ ನಮಸ್ತೆ. ನಾನು ಜಿಎನ್‌ಎಂ ನರ್ಸಿಂಗ್ ಎರಡನೇ ವರ್ಷ, ಹಾಸ್ಟೆಲ್ ಮಡಿಕೇರೀಲಿ. ಪಿಯುಸಿ ಆರ್ಟ್ಸ್ ಮಾಡಿ ಬಂದೋಳು, ಲೆಕ್ಕಕ್ಕೂ ನಂಗೂ ಎಸ್ಸೆಸ್ಸೆಲ್ಸಿಲೇ ಸಂಬಂಧ ಮುಗಿದಿತ್ತು, ಈಗ ನೋಡಿದ್ರೆ ಇಲ್ಲಿ ಮತ್ತೆ ಎದುರಿಗೆ ಬಂದು ನಿಂತಿದೆ. ಫಾರ್ಮುಲಾ ಬಾಯಿಪಾಠ ಇದೆ: ಬೇಕಾಗಿರೋ ಡೋಸ್ ಭಾಗಿಸು ಕೈಲಿರೋ ಡೋಸ್, ಗುಣಿಸು ಎಂಎಲ್. ಆದ್ರೂ ತಪ್ಪಾಗುತ್ತೆ. ಮೊನ್ನೆ ಕ್ಲಾಸಲ್ಲಿ 500 ಎಂಎಲ್ ನಾರ್ಮಲ್ ಸಲೈನ್ 4 ಗಂಟೇಲಿ ಹೋಗ್ಬೇಕು, ನಿಮಿಷಕ್ಕೆ ಎಷ್ಟು ಹನಿ ಅಂತ ಕೇಳಿದ್ರು, ನಾನು ಎದ್ದು ನಿಂತು 2500 ಅಂದೆ. ಇಡೀ ಕ್ಲಾಸ್ ನಕ್ತು, ಮೇಡಂ "ಏನಮ್ಮ ಅದು ಡ್ರಿಪ್ಪಾ ಅಬ್ಬಿ ಫಾಲ್ಸಾ" ಅಂದ್ರು. ಮುಂದಿನ ವಾರ ಮಕ್ಕಳ ವಾರ್ಡ್ ಪೋಸ್ಟಿಂಗ್, ಈಗ್ಲೇ ಕೈ ನಡುಗ್ತಾ ಇದೆ. ಲೆಕ್ಕ ಬರ್ದೇ ಇರೋರಿಗೆ ಅರ್ಥ ಆಗೋ ಹಾಗೆ ಹೇಳಿ ಪ್ಲೀಸ್.

ಲೆಕ್ಕದಮೇಷ್ಟ್ರು:
ನಾನು ನರ್ಸ್ ಅಲ್ಲ, ಕುಶಾಲನಗರದ ಕಡೆ ಹೈಸ್ಕೂಲಲ್ಲಿ ಲೆಕ್ಕ ಪಾಠ ಮಾಡ್ತೀನಿ, ನಮ್ಮನೆಯವ್ರು ಸ್ಟಾಫ್ ನರ್ಸ್, ಈ ಪ್ರಶ್ನೆ ಅವ್ರೇ ತೋರ್ಸಿದ್ರು. ನಿಮ್ಮ ಲೆಕ್ಕ ತಪ್ಪಿಲ್ಲ, ನೀವು ಗಂಟೇನ ನಿಮಿಷ ಮಾಡೋದು ಬಿಟ್ಟಿದ್ದೀರಿ ಅಷ್ಟೇ. ಐವಿ ಸೆಟ್ಟಲ್ಲಿ 1 ಎಂಎಲ್‌ಗೆ 20 ಹನಿ, 500 ಎಂಎಲ್ ಗುಣಿಸು 20 ಅಂದ್ರೆ 10,000 ಹನಿ. ಅದನ್ನ 4ರಿಂದ ಭಾಗಿಸಿದ್ರೆ ಬರೋದು ಗಂಟೆಗೆ 2500 ಹನಿ, ಅಲ್ಲೀವರೆಗೂ ಸರಿನೇ. ನಿಮಿಷಕ್ಕೆ ಬೇಕಂದ್ರೆ ಆ 10,000ನ 4 ಗಂಟೆಯ 240 ನಿಮಿಷದಿಂದ ಭಾಗಿಸಿ, 41.67 ಬರುತ್ತೆ, 42 ಹನಿ. ತ್ರೈರಾಶಿ ಲೆಕ್ಕ ಸಾಕು ಇದಕ್ಕೆ, ದೊಡ್ಡ ವಿದ್ಯೆ ಏನಲ್ಲ.

ನೈಟ್‌ಡ್ಯೂಟಿ_ಸಿಸ್ಟರ್:
ಮೇಷ್ಟ್ರು ಹೇಳಿದ್ದು ಸರಿ, ಆದ್ರೆ ಆ 20 ಎಲ್ಲಿಂದ ಬಂತು ಅಂತ ಹೇಳ್ಲಿಲ್ಲ ನೋಡಿ. ಅದು ಐವಿ ಸೆಟ್ ಕವರ್ ಮೇಲೆ ಪ್ರಿಂಟ್ ಆಗಿರುತ್ತೆ, ಕೆಲವು ಸೆಟ್ 15 ಇರುತ್ತೆ, ಹಂಗಾಗಿ ಕವರ್ ಹರಿದು ಬಿಸಾಕೋ ಮುಂಚೆ ಓದ್ಕೋ. ಮಕ್ಕಳ ವಾರ್ಡಲ್ಲಿ ಮೈಕ್ರೋ ಸೆಟ್, ಅದು 60 ಹನಿಗೆ 1 ಎಂಎಲ್. ಅಲ್ಲಿ ಲೆಕ್ಕನೇ ಬೇಡ ತಂಗಿ, ಗಂಟೆಗೆ ಎಷ್ಟು ಎಂಎಲ್ಲೋ ನಿಮಿಷಕ್ಕೆ ಅಷ್ಟೇ ಹನಿ, ಗಂಟೆಗೆ 30 ಎಂಎಲ್ ಅಂದ್ರೆ ನಿಮಿಷಕ್ಕೆ 30.
ಡ್ರಿಪ್ ಓಡ್ಸೋ ಪಂಪ್ ಇದ್ಯಲ್ಲ ಹನಿ ಯಾಕೆ ಎಣಿಸ್ಬೇಕು ಅಂತ ಈಗಿನ ಹುಡುಗೀರು ಕೇಳ್ತಾರೆ. ಜುಲೈ ಮಳೇಲಿ ಮರ ಬಿದ್ದು ಲೈನ್ ಹೋದ್ಮೇಲೆ ಜನರೇಟರೂ ಕೈಕೊಟ್ಟು ಪಂಪಿನ ಬ್ಯಾಟರಿ ಕೆಂಪು ತೋರಿಸ್ತಾ ಇದ್ರೆ ಗೊತ್ತಾಗುತ್ತೆ. ಸೆಕೆಂಡ್ ಮುಳ್ಳಿರೋ ವಾಚ್ ಒಂದು ತಗೋ. 42 ಹನಿ ಅಂದ್ರೆ 15 ಸೆಕೆಂಡಿಗೆ ಹತ್ತು ಹನ್ನೊಂದು, ಆಮೇಲೆ ಒಂದು ಪೂರ್ತಿ ನಿಮಿಷ ಎಣಿಸಿ ನೋಡ್ಬೇಕು, ಮಗು ಕೈ ಮಡಚಿದ್ರೆ ಹನಿ ಬದಲಾಗುತ್ತೆ ಅದ್ಕೆ ಮತ್ತೆ ಮತ್ತೆ ಹೋಗಿ ನೋಡ್ಬೇಕು.

ಕಿತ್ತಳೆತೋಟ:
ನಾನು ಲೇಬರ್ ವಾರ್ಡಲ್ಲಿ 14 ವರ್ಷ ಮಾಡಿದೋಳು. ಫಾರ್ಮುಲಾ ಮರ್ತುಬಿಡು ಅಂತೀನಿ ನಾನು, ಮೇಷ್ಟ್ರು ಬೈಕೊಂಡ್ರೂ ಪರ್ವಾಗಿಲ್ಲ. ಬಾಟಲಿ ಕೈಲಿ ಹಿಡ್ಕೊಂಡು ಒಂದೇ ಪ್ರಶ್ನೆ ಕೇಳ್ಕೋ: ಎಷ್ಟು ಎಂಎಲ್ ಒಳಗೆ ಎಷ್ಟು ಔಷಧಿ ಇದೆ? ಜೆಂಟಾಮೈಸಿನ್ ಆಂಪ್ಯೂಲ್ ಮೇಲೆ 2 ಎಂಎಲ್‌ಗೆ 80 ಎಂಜಿ ಅಂತಿದೆ, ಹಾಗಾದ್ರೆ 1 ಎಂಎಲ್‌ಗೆ 40, ಡಾಕ್ಟ್ರು 60 ಬರೆದಿದ್ರೆ ಒಂದೂವರೆ ಎಂಎಲ್.
ಪರ್ಸೆಂಟ್ ಬಂದ್ರೆ ಎಲ್ರೂ ಹೆದರ್ತಾರೆ. ನಿಮ್ಮನೇಲಿ ತೋಟ ಇದ್ರೆ ಬೋರ್ಡೋ ದ್ರಾವಣ ಹೊಡ್ಯೋದು ನೋಡಿರ್ತೀಯ ಅಲ್ವ, 100 ಲೀಟರ್‌ಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ, ಅದೇ 1 ಪರ್ಸೆಂಟ್, 200 ಲೀಟರ್ ಡ್ರಮ್ ಆದ್ರೆ ಎರಡೆರಡು ಕೆಜಿ. ನಮ್ಮ ಅಪ್ಪ ನಾಲ್ಕನೇ ಕ್ಲಾಸು, ಈ ಲೆಕ್ಕ ಒಂದು ದಿನಾನೂ ತಪ್ಪಿಲ್ಲ. ಇಲ್ಲೂ ಅಷ್ಟೇ, 100 ಎಂಎಲ್‌ಗೆ ಎಷ್ಟು ಗ್ರಾಂ ಅಂತ. ಮ್ಯಾಗ್‌ಸಲ್ಫ್ (ಮೆಗ್ನೀಷಿಯಂ ಸಲ್ಫೇಟ್, ಫಿಟ್ಸ್‌ಗೆ ಕೊಡೋದು) 50 ಪರ್ಸೆಂಟ್ ಅಂದ್ರೆ 100 ಎಂಎಲ್‌ಗೆ 50 ಗ್ರಾಂ, 2 ಎಂಎಲ್ ಆಂಪ್ಯೂಲಲ್ಲಿ 1 ಗ್ರಾಂ. ಫಿಟ್ಸ್ ಬಂದ ಬಸುರಿಗೆ 4 ಗ್ರಾಂ ಅಂದ್ರೆ 4 ಆಂಪ್ಯೂಲ್, 8 ಎಂಎಲ್, ಅದಕ್ಕೆ 12 ಎಂಎಲ್ ಸಲೈನ್ ಸೇರಿಸಿದ್ರೆ 20 ಎಂಎಲ್ ಆಯ್ತು, 20 ಪರ್ಸೆಂಟ್ ಆಯ್ತು. ನಿಧಾನಕ್ಕೆ ಕೊಡೋದು, ಪಕ್ಕದಲ್ಲಿ ಅದಕ್ಕೆ ಮಾರುಮದ್ದು ಕ್ಯಾಲ್ಷಿಯಂ ಗ್ಲೂಕೊನೇಟ್ ಇಟ್ಕೊಂಡು. ಅಂಥ ಹೊತ್ತಲ್ಲಿ ಕ್ಯಾಲ್ಕುಲೇಟರ್ ಹುಡುಕ್ತಾ ಕೂರೋಕಾಗಲ್ಲ.

ಲೆಕ್ಕದಮೇಷ್ಟ್ರು:
ಬೈಕೊಳ್ಳಲ್ಲ ಮೇಡಂ, ನೀವು ಹೇಳಿದ್ದೂ ಫಾರ್ಮುಲಾನೇ, ಬಾಯಲ್ಲಿ ಹೇಳಿದ್ರಿ ಅಷ್ಟೇ :)

ನೈಟ್‌ಡ್ಯೂಟಿ_ಸಿಸ್ಟರ್:
ಮಕ್ಕಳ ವಾರ್ಡ್ ಅಂದ್ಯಲ್ಲ, ಪ್ಯಾರಾಸಿಟಮಾಲ್ ಬಗ್ಗೆ ಹೇಳ್ತೀನಿ, ಇದರಲ್ಲಿ ನಾನೇ ಕಣ್ಣಾರೆ ಕಂಡಿದ್ದಿದೆ. ಸಿರಪ್ 5 ಎಂಎಲ್‌ಗೆ 125 ಎಂಜಿ ಇರೋದು ಬರುತ್ತೆ, 250 ಇರೋದೂ ಬರುತ್ತೆ, ಡ್ರಾಪ್ಸ್ ಆದ್ರೆ 1 ಎಂಎಲ್‌ಗೇ 100 ಎಂಜಿ. ಕೆಜಿಗೆ 15 ಎಂಜಿ ಲೆಕ್ಕದಲ್ಲಿ 10 ಕೆಜಿ ಮಗೂಗೆ 150 ಎಂಜಿ, ಅಂದ್ರೆ ಮೊದಲನೇ ಸಿರಪ್ಪಲ್ಲಿ 6 ಎಂಎಲ್, ಎರಡನೇದ್ರಲ್ಲಿ 3, ಡ್ರಾಪ್ಸಲ್ಲಿ ಒಂದೂವರೆ. ಎಸ್ಟೇಟ್ ಲೈನ್‌ಮನೆಯಿಂದ ಬಂದ ಒಬ್ಬಮ್ಮ ಡ್ರಾಪ್ಸ್ ಬಾಟಲಿ ಹಿಡ್ಕೊಂಡು "ದೊಡ್ಡೋನಿಗೆ ಕೊಟ್ಟ ಹಾಗೆ ಇವ್ನಿಗೂ ಒಂದು ಚಮಚ ಕೊಡ್ಲಾ" ಅಂತ ಕೇಳಿದ್ಲು, ಪುಣ್ಯ, ಕೊಡೋ ಮುಂಚೆ ಕೇಳಿದ್ಲು. ಒಂದು ಚಮಚ 5 ಎಂಎಲ್ ಅಂದ್ರೂ 500 ಎಂಜಿ ಆಯ್ತಲ್ಲ. ಆವತ್ತಿಂದ ನಾನು ಡಿಸ್ಚಾರ್ಜ್ ಮಾಡುವಾಗ ಚಮಚದ ಮಾತೇ ಎತ್ತಲ್ಲ, ಬಾಟಲಿ ಜೊತೆ ಬರೋ ಫಿಲ್ಲರ್ ಮೇಲೆ ಪೆನ್ನಲ್ಲಿ ಗೆರೆ ಹಾಕಿ ಕೊಡ್ತೀನಿ.

ಕಿತ್ತಳೆತೋಟ:
ಹೌದು ಹೌದು. ಇನ್ಸುಲಿನ್ನೂ ಹಂಗೇ. ವಯಲ್ 40 ಅಂತ ಒಂದು, 100 ಅಂತ ಒಂದು, ಅಂದ್ರೆ 1 ಎಂಎಲ್‌ಗೆ ಅಷ್ಟು ಯೂನಿಟ್. ಕೆಂಪು ಕ್ಯಾಪ್ ಸಿರಿಂಜ್ 40ಕ್ಕೆ, ಕಿತ್ತಳೆ ಬಣ್ಣದ್ದು 100ಕ್ಕೆ. 100ರ ವಯಲಿಂದ ಕೆಂಪು ಸಿರಿಂಜಲ್ಲಿ 20ರ ಗೆರೆ ತನಕ ಎಳೆದ್ರೆ ಒಳಗೆ ಹೋಗೋದು 50 ಯೂನಿಟ್, ಎರಡೂವರೆ ಪಟ್ಟು. ಇಲ್ಲಿ ಲೆಕ್ಕ ಬರೋರೂ ತಪ್ತಾರೆ, ಯಾಕಂದ್ರೆ ಲೆಕ್ಕ ಮಾಡೋದೇ ಇಲ್ಲ ಅಲ್ಲಿ, ಗೆರೆ ನೋಡಿ ಎಳೀತಾರೆ.
ಇನ್ನೊಂದು, ಸೊನ್ನೆ. ಅರ್ಧ ಎಂಎಲ್ ಅಂತ ಬರೆಯುವಾಗ 0.5 ಅಂತ ಬರಿ, ಬರೀ ಚುಕ್ಕಿ ಐದು ಬರೆದ್ರೆ ಕೇಸ್ ಶೀಟಲ್ಲಿ ಚುಕ್ಕಿ ಕಾಣಲ್ಲ. ಐದಕ್ಕೆ 5.0 ಅಂತ್ಲೂ ಬರೀಬೇಡ, ಯಾರೋ 50 ಅಂತ ಓದ್ತಾರೆ. ಚೆಕ್ ಮಾಡ್ಸೋಕೆ ಇನ್ನೊಬ್ಬ ಸಿಸ್ಟರ್ ಹತ್ರ ಹೋದಾಗ "ಅಕ್ಕ ನಂಗೆ 3 ಎಂಎಲ್ ಬಂತು, ಸರಿನಾ" ಅನ್ಬೇಡ, ಅವ್ರು ಕೆಲಸದ ಅರ್ಜೆಂಟಲ್ಲಿ ಹ್ಞೂಂ ಅಂತಾರೆ. ಆರ್ಡರ್ ತೋರ್ಸು, ಬಾಟಲಿ ಕೊಡು, ಅವ್ರೇ ಲೆಕ್ಕ ಹಾಕ್ಲಿ, ಆಮೇಲೆ ಎರಡೂ ಇಟ್ಟು ನೋಡಿ.

ಮಳೆಹುಡುಗಿ_ನಾಪೋಕ್ಲು:
ಅಯ್ಯೋ ಎಲ್ರಿಗೂ ಥ್ಯಾಂಕ್ಸ್. ಬೋರ್ಡೋ ಲೆಕ್ಕ ನಂಗೆ ಚೆನ್ನಾಗಿ ಗೊತ್ತು ಅಕ್ಕ, ಪ್ರತಿ ವರ್ಷ ಮಳೆಗೆ ಮುಂಚೆ ಡ್ರಮ್ ಕಲಸೋಕೆ ನಾನೇ ನಿಲ್ಲೋದು, ಅದೇ ಪರ್ಸೆಂಟ್ ಅಂತ ಇವತ್ತೇ ಗೊತ್ತಾಗಿದ್ದು!! ಒಂದು ಪ್ರಶ್ನೆ ಕೊಡಿ, ಮಾಡಿ ನೋಡ್ತೀನಿ.

ನೈಟ್‌ಡ್ಯೂಟಿ_ಸಿಸ್ಟರ್:
6 ಕೆಜಿ ಮಗು, ಪ್ಯಾರಾಸಿಟಮಾಲ್ ಕೆಜಿಗೆ 15 ಎಂಜಿ, ಕೈಲಿರೋದು ಡ್ರಾಪ್ಸ್. ಎಷ್ಟು ಎಂಎಲ್?

ಮಳೆಹುಡುಗಿ_ನಾಪೋಕ್ಲು:
6 ಗುಣಿಸು 15, 90 ಎಂಜಿ. 1 ಎಂಎಲ್‌ಗೆ 100 ಇದೆ, ಅಂದ್ರೆ ಒಂದು ಎಂಎಲ್‌ಗಿಂತ ಸ್ವಲ್ಪ ಕಮ್ಮಿನೇ ಬರ್ಬೇಕು. .9 ಎಂಎಲ್. ಸರಿನಾ ಅಕ್ಕ?

ಕಿತ್ತಳೆತೋಟ:
ಲೆಕ್ಕ ಸರಿ. ಸೊನ್ನೆ ಎಲ್ಲಿ?

ಮಳೆಹುಡುಗಿ_ನಾಪೋಕ್ಲು:
0.9, 0.9 😭